ಹಾಲು ಸಾಲ್ತಿದ್ಯಾ? ಹೊಸ ಬಾಣಂತಿಯರಿಗೆ ಎದೆಹಾಲಿನ ಸಮಗ್ರ ಮಾರ್ಗದರ್ಶಿ

ನನ್ನ ಮೊದಲ ಮಗು ಹುಟ್ಟಿ ಮೂರನೇ ದಿನ. ದಾವಣಗೆರೆಯ ತವರು ಮನೆ, ಏಪ್ರಿಲ್ ತಿಂಗಳ ಬಿಸಿಲು. ಎರಡೂ ತೊಟ್ಟು ಒಡೆದು ರಕ್ತ ಒಸರುತ್ತಿತ್ತು. ಮಗು ಅಳಲು ಶುರು ಮಾಡಿದರೆ ಸಾಕು, ಮತ್ತೆ ಕುಡಿಸಬೇಕಲ್ಲ ಅಂತ ನನ್ನ ಕಣ್ಣಲ್ಲೂ ನೀರು. ನೋಡಲು ಬಂದವರೆಲ್ಲ ಬಾಗಿಲಲ್ಲೇ ಕೇಳುತ್ತಿದ್ದದ್ದು ಒಂದೇ ಮಾತು: "ಹಾಲು ಸಾಲ್ತಿದ್ಯಾ?" ಆಸ್ಪತ್ರೆಯಲ್ಲಿ ಎರಡನೇ ದಿನವೇ ಒಬ್ಬ ಸಿಸ್ಟರ್ "ಹಾಲೇ ಇಳಿದಿಲ್ಲ" ಅಂತ ಡಬ್ಬಿ ಹಾಲು ಕುಡಿಸಿ ಹೋಗಿದ್ದರು. ನಾನೂ ನಂಬಿಬಿಟ್ಟಿದ್ದೆ.

ನಾಲ್ಕನೇ ದಿನ ಬೆಳಿಗ್ಗೆ ನಮ್ಮ ಬೀದಿಯ ಹಳೆಯ ನರ್ಸಮ್ಮ ಬಂದರು. ಕೆಲಸದಿಂದ ನಿವೃತ್ತರಾಗಿ ವರ್ಷಗಳಾಗಿದ್ದವು. ಅವರು ಆ ಪ್ರಶ್ನೆ ಕೇಳಲೇ ಇಲ್ಲ. ಮಂಚದ ಪಕ್ಕ ಕೂತು "ಕುಡಿಸಮ್ಮ, ನೋಡ್ತೀನಿ" ಅಂದರು. ಎರಡು ನಿಮಿಷ ನೋಡಿ, "ನಿನ್ನ ಹಾಲಿಗೇನೂ ಕೊರತೆ ಇಲ್ಲ ಕಣೇ. ಮಗು ಬರೀ ತೊಟ್ಟು ಚೀಪ್ತಿದೆ, ಮೊಲೆ ಹಿಡಿದಿಲ್ಲ" ಅಂದರು. ಆ ಒಂದು ಮಾತು ನನ್ನ ಬಾಣಂತನವನ್ನೇ ಬದಲಿಸಿತು.

ಹಾಲು ಸಾಲುತ್ತಿಲ್ಲ ಎಂಬ ಭಯ ಎದೆಹಾಲು ನಿಲ್ಲಿಸಿದಷ್ಟು ಬೇರೆ ಯಾವ ಕಾಯಿಲೆಯೂ ನಿಲ್ಲಿಸಿಲ್ಲ ಅಂತ ನನಗೆ ಈಗ ಅನಿಸುತ್ತದೆ. ಆ ಭಯವನ್ನು ಎದುರಿಸಲು ಎರಡು ವಿಷಯ ಗೊತ್ತಿರಬೇಕು. ಮಗುವಿಗೆ ಮೊಲೆ ಸರಿಯಾಗಿ ಹಿಡಿಸುವುದು ಹೇಗೆ, ಹಾಲು ಸಾಲುತ್ತಿದೆಯೋ ಇಲ್ಲವೋ ಅಂತ ಲೆಕ್ಕ ಹಾಕುವುದು ಹೇಗೆ. ಈ ಎರಡನ್ನು ಸ್ವಲ್ಪ ಹೆಚ್ಚೇ ವಿವರಿಸಿದ್ದೇನೆ.

ಹೆರಿಗೆಗೆ ಮುಂಚೆ

ತಯಾರಿ ಜಾಸ್ತಿ ಏನಿಲ್ಲ. ತೊಟ್ಟನ್ನು ಉಜ್ಜುವುದು, ಎಳೆಯುವುದು ಯಾವುದೂ ಬೇಡ. ತೊಟ್ಟು ಒಳಗೆ ಸೇರಿಕೊಂಡಿದೆ ಅನಿಸಿದರೆ ಎಂಟನೇ ತಿಂಗಳ ತಪಾಸಣೆಯಲ್ಲಿ ಡಾಕ್ಟರಿಗೆ ತೋರಿಸಿ ಇಡಿ. ಅಂಥ ತಾಯಂದಿರೂ ಚೆನ್ನಾಗಿ ಹಾಲು ಕುಡಿಸುತ್ತಾರೆ, ಏಕೆಂದರೆ ಮಗು ಬಾಯಿಗೆ ತೆಗೆದುಕೊಳ್ಳಬೇಕಾದದ್ದು ತೊಟ್ಟನ್ನಷ್ಟೇ ಅಲ್ಲ. ಹೆರಿಗೆಯಾದ ಮೇಲೂ ತೊಡಕಾದರೆ, ತೊಟ್ಟನ್ನು ಸಿರಿಂಜಿನಿಂದ ನಿಧಾನವಾಗಿ ಹೊರಗೆಳೆಯುವ ಉಪಾಯವನ್ನು ನರ್ಸ್‌ಗಳು ತೋರಿಸಿಕೊಡುತ್ತಾರೆ.

ಮುಖ್ಯವಾದ ತಯಾರಿ ಬೇರೆ ಇದೆ. ಹೆರಿಗೆ ಸಮಯದಲ್ಲಿ ನಿಮ್ಮ ಜೊತೆ ಇರುವವರಿಗೆ, ಅಮ್ಮನೋ ಅತ್ತೆಯೋ ಗಂಡನೋ, ಮೊದಲೇ ಹೇಳಿಡಿ: "ಮಗು ಹುಟ್ಟಿದ ತಕ್ಷಣ ನನ್ನ ಎದೆ ಮೇಲೆ ಹಾಕಲು ಹೇಳಿ. ನಾನು ಒಪ್ಪದೆ, ಡಾಕ್ಟರ್ ಬರೆಯದೆ ಬೇರೆ ಹಾಲು ಕೊಡಲು ಬಿಡಬೇಡಿ." ಆ ಹೊತ್ತಿನಲ್ಲಿ ನಮಗೆ ಮಾತಾಡುವ ಶಕ್ತಿ ಇರುವುದಿಲ್ಲ. ನಮ್ಮ ಪರವಾಗಿ ಇನ್ನೊಬ್ಬರು ಮಾತಾಡಬೇಕು.

ಮೊದಲ ಒಂದು ಗಂಟೆ

ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ಎದೆಹಾಲು ಸಿಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದಲ್ಲಿ ಹೆಚ್ಚಿನ ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ಶೇ 41.8ರಷ್ಟು ಮಕ್ಕಳಿಗೆ ಮಾತ್ರ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಗಂಟೆಯಲ್ಲಿ ಮಗು ಚೆನ್ನಾಗಿ ಎಚ್ಚರವಾಗಿರುತ್ತದೆ. ಬರಿಮೈಯಲ್ಲಿ ತಾಯಿಯ ಎದೆ ಮೇಲೆ ಮಲಗಿಸಿ ಮೇಲೊಂದು ಬಟ್ಟೆ ಹೊದಿಸಿದರೆ, ವಾಸನೆ ಹಿಡಿದು ತಾನೇ ಮೊಲೆಯ ಕಡೆಗೆ ತೆವಳುತ್ತದೆ. ನನ್ನ ಎರಡನೇ ಮಗು ಹಾಗೆ ತೆವಳಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಸಿಸೇರಿಯನ್ ಆಗಿದ್ದರೂ ಇದು ಸಾಧ್ಯ. ಬೆನ್ನಿಗೆ ಅನಸ್ತೇಶಿಯಾ ಕೊಟ್ಟಿದ್ದರೆ ತಾಯಿಗೆ ಎಚ್ಚರ ಇರುತ್ತದೆ, ಒಬ್ಬರು ಮಗುವನ್ನು ಹಿಡಿದುಕೊಂಡರೆ ಸಾಕು. ತಡವಾದರೆ ಎದೆಗುಂದಬೇಡಿ, ಸಿಕ್ಕ ಮೊದಲ ಅವಕಾಶದಲ್ಲೇ ಶುರು ಮಾಡಿ.

ಮೊದಲು ಬರುವುದು ದಪ್ಪಗಿನ, ಹಳದಿ ಬಣ್ಣದ ಗಿಣ್ಣು ಹಾಲು. ಹನಿ ಹನಿಯಾಗಿ ಬರುತ್ತದೆ. "ಇಷ್ಟೇನಾ?" ಅನಿಸುತ್ತದೆ. ಆದರೆ ಮೊದಲ ದಿನ ಮಗುವಿನ ಹೊಟ್ಟೆಗೆ ಒಂದು ಸಲಕ್ಕೆ ಬೇಕಾದದ್ದೂ ಅಷ್ಟೇ, ಸುಮಾರು 5ರಿಂದ 7 ಎಂಎಲ್, ಒಂದು ಚಿಕ್ಕ ಚಮಚ. ರೋಗ ತಡೆಯುವ ಶಕ್ತಿ ತುಂಬಿದ ಈ ಹಾಲನ್ನು "ಕೆಟ್ಟ ಹಾಲು" ಅಂತ ಹಿಂಡಿ ಚೆಲ್ಲುವ ಪದ್ಧತಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ದಯವಿಟ್ಟು ಚೆಲ್ಲಬೇಡಿ. ಬಿಳಿ ಹಾಲು ತುಂಬಿಕೊಂಡು ಇಳಿಯುವುದು ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ. ಸಿಸೇರಿಯನ್ ಆದವರಿಗೆ, ರಕ್ತ ಜಾಸ್ತಿ ಹೋದವರಿಗೆ ಇನ್ನೊಂದು ದಿನ ತಡವಾಗಬಹುದು. ನನಗೆ "ಹಾಲೇ ಇಳಿದಿಲ್ಲ" ಅಂದದ್ದು ಎರಡನೇ ದಿನ. ಇಳಿಯುವ ಹೊತ್ತೇ ಆಗಿರಲಿಲ್ಲ ಅಲ್ವಾ?

ಜೇನುತುಪ್ಪ ನೆಕ್ಕಿಸುವುದು, ಸಕ್ಕರೆ ನೀರು, ಹರಳೆಣ್ಣೆ, ಬಜೆ ತೇಯ್ದು ಹಾಕುವುದು, ಹಸುವಿನ ಹಾಲು, ಯಾವುದೂ ಬೇಡ. ಜೇನುತುಪ್ಪವಂತೂ ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದಿಂದ ಹಸುಗೂಸಿಗೆ ಬೊಟುಲಿಸಂ ಎಂಬ, ನರಗಳ ಶಕ್ತಿ ಕುಂದಿಸುವ ಅಪಾಯದ ಕಾಯಿಲೆ ಬರಬಹುದು. ಅಜ್ಜಿಗೆ ಬೇಸರವಾಗುತ್ತದೆ ಅನಿಸಿದರೆ ಜೇನು ಮುಟ್ಟಿಸುವ ಶಾಸ್ತ್ರವನ್ನು ಮಗುವಿನ ಬಾಯಿಗಲ್ಲ, ಅಂಗಾಲಿಗೆ ಮಾಡಿ ಒರೆಸಿಬಿಡಿ. ನಮ್ಮ ಮನೆಯಲ್ಲಿ ಹಾಗೇ ಮಾಡಿದೆವು, ಜಗಳ ಇಲ್ಲದೆ ಮುಗಿಯಿತು.

ಮೊಲೆ ಹಿಡಿಸುವುದು: ಇದೇ ಎಲ್ಲದರ ಬೇರು

ನರ್ಸಮ್ಮ ನನಗೆ ಹೇಳಿಕೊಟ್ಟದ್ದನ್ನೇ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ.

1. ಮೊದಲು ನೀವು ಸರಿಯಾಗಿ ಕೂರಬೇಕು. ಬೆನ್ನಿಗೆ ದಿಂಬು, ಕಾಲಿನ ಕೆಳಗೆ ಒಂದು ಮಣೆ, ತೊಡೆ ಮೇಲೆ ಇನ್ನೊಂದು ದಿಂಬು. ಮಗು ಎದೆಯ ಎತ್ತರಕ್ಕೆ ಬರಬೇಕು. "ಮಗೂನ ಮೊಲೆ ಹತ್ರ ತಾ, ಮೊಲೇನ ಮಗು ಹತ್ರ ಒಯ್ಯಬೇಡ" ಅನ್ನುತ್ತಿದ್ದರು. ಬಗ್ಗಿ ಕುಡಿಸಿದರೆ ಒಂದೇ ವಾರದಲ್ಲಿ ಬೆನ್ನು, ಕತ್ತು ಹಿಡಿದುಕೊಳ್ಳುತ್ತವೆ.

2. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಲಿ. ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ. ಮುಖ ಮಾತ್ರ ನಿಮ್ಮ ಕಡೆ ತಿರುಗಿ ಮೈ ಮೇಲಕ್ಕೆ ನೋಡುತ್ತಿದ್ದರೆ ಮಗುವಿಗೆ ನುಂಗಲು ಕಷ್ಟ. ನೀವೇ ಒಮ್ಮೆ ಕತ್ತು ಪಕ್ಕಕ್ಕೆ ತಿರುಗಿಸಿ ನೀರು ಕುಡಿದು ನೋಡಿ, ಗೊತ್ತಾಗುತ್ತದೆ.

3. ಮಗುವಿನ ಮೂಗು ನಿಮ್ಮ ತೊಟ್ಟಿನ ಎದುರಿಗೆ ಬರಲಿ, ಬಾಯಲ್ಲ. ತೊಟ್ಟಿನಿಂದ ಮೇಲಿನ ತುಟಿಯನ್ನು ಮೆಲ್ಲಗೆ ಸವರಿ.

4. ಕಾಯಿರಿ. ಎಲ್ಲರೂ ಅವಸರ ಮಾಡುವುದು ಇಲ್ಲೇ. ಮಗು ಬಾಯಿ ಅರ್ಧ ತೆರೆದಾಗ ತುರುಕಬೇಡಿ. ಆಕಳಿಸಿದ ಹಾಗೆ ದೊಡ್ಡದಾಗಿ ಬಾಯಿ ತೆರೆಯುವವರೆಗೂ ಸವರುತ್ತಾ ಇರಿ.

5. ತೆರೆದ ಕ್ಷಣ, ಬೆನ್ನಿನ ಮೇಲ್ಭಾಗಕ್ಕೆ ಅಂಗೈ ಕೊಟ್ಟು ಮಗುವನ್ನು ಹತ್ತಿರ ತನ್ನಿ. ಮೊದಲು ಗಲ್ಲ ಮೊಲೆಗೆ ತಾಗಲಿ, ಆಮೇಲೆ ಮೇಲಿನ ತುಟಿ. ತಲೆ ಹಿಂಭಾಗವನ್ನು ಒತ್ತಬೇಡಿ, ಒತ್ತಿದರೆ ಮಗು ಹಿಂದಕ್ಕೆ ಜಗ್ಗುತ್ತದೆ.

ಸರಿಯಾಗಿ ಹಿಡಿದಿದೆ ಅಂತ ಗೊತ್ತಾಗುವುದು ಹೇಗೆ? ಗಲ್ಲ ಮೊಲೆಗೆ ಅಂಟಿರುತ್ತದೆ. ಕೆಳತುಟಿ ಹೊರಕ್ಕೆ ಮಡಚಿಕೊಂಡಿರುತ್ತದೆ. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲ್ಗಡೆ ಸ್ವಲ್ಪ ಕಾಣುತ್ತದೆ, ಕೆಳಗಡೆ ಹೆಚ್ಚುಕಡಿಮೆ ಮುಚ್ಚಿಹೋಗಿರುತ್ತದೆ. ಕೆನ್ನೆ ತುಂಬಿಕೊಂಡಿರುತ್ತದೆ, ಗುಳಿ ಬೀಳುವುದಿಲ್ಲ. ಮೊದಲು ಬೇಗ ಬೇಗ ಚೀಪುತ್ತದೆ. ಅರ್ಧ ನಿಮಿಷವೋ ಒಂದು ನಿಮಿಷವೋ ಆದ ಮೇಲೆ ಲಯ ಬದಲಾಗುತ್ತದೆ. ದವಡೆ ಆಳವಾಗಿ ಇಳಿಯುತ್ತದೆ, ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ಗಂಟಲಿನಿಂದ "ಕ್ಹ" ಅಂತ ಒಂದು ಸಣ್ಣ ಸದ್ದು. ಅದು ನುಂಗಿದ ಸದ್ದು. ನಾಲ್ಕನೇ ದಿನ ಆ ಬಿಸಿಲು ಕೋಣೆಯಲ್ಲಿ ಫ್ಯಾನ್ ಆಫ್ ಮಾಡಿ ನರ್ಸಮ್ಮ ನನಗೆ ಆ ಸದ್ದು ಕೇಳಿಸಿದರು. "ಕೇಳ್ತಾ? ಎಣಿಸು." ನಾನು ಇಪ್ಪತ್ಮೂರರವರೆಗೆ ಎಣಿಸಿದೆ. ನೋವು ಯಾವಾಗ ನಿಂತಿತೋ ಗಮನಕ್ಕೇ ಬರಲಿಲ್ಲ.

ಮೊದಲ ವಾರ ಹಿಡಿದ ತಕ್ಷಣ ಕೆಲವು ಸೆಕೆಂಡು ಚುರ್ ಅನ್ನುವುದು ಸಹಜ. ಅರ್ಧ ನಿಮಿಷ ಕಳೆದರೂ ನೋವು ಹಾಗೇ ಇದ್ದರೆ, ಚಪ್ ಚಪ್ ಸದ್ದು ಬರುತ್ತಿದ್ದರೆ, ಕುಡಿಸಿ ಬಿಟ್ಟಾಗ ತೊಟ್ಟು ಹೊಸ ಲಿಪ್‌ಸ್ಟಿಕ್ ತುದಿಯ ಹಾಗೆ ಓರೆಯಾಗಿ ಚಪ್ಪಟೆಯಾಗಿದ್ದರೆ, ಹಿಡಿದದ್ದು ಸರಿಯಿಲ್ಲ. ಸಹಿಸಿಕೊಂಡು ಕೂರಬೇಡಿ. ಮಗುವಿನ ಬಾಯಿಯ ಮೂಲೆಯಿಂದ ಕಿರುಬೆರಳು ಒಳಗೆ ಹಾಕಿ ಹಿಡಿತ ಬಿಡಿಸಿ, ಮತ್ತೆ ಮೊದಲಿನಿಂದ ಶುರು ಮಾಡಿ. ಹತ್ತು ಸಲ ಆದರೂ ಪರವಾಗಿಲ್ಲ. ನಾಲಿಗೆ ಕೆಳಗಿನ ಪೊರೆ ಬಿಗಿಯಾಗಿದ್ದರೂ ಕೆಲವು ಮಕ್ಕಳಿಗೆ ಹಿಡಿಯಲು ಆಗುವುದಿಲ್ಲ. ಎಷ್ಟು ಪ್ರಯತ್ನಪಟ್ಟರೂ ನೋವು ಹೋಗದಿದ್ದರೆ ಮಕ್ಕಳ ಡಾಕ್ಟರಿಗೆ ಅದನ್ನು ನೋಡಲು ಹೇಳಿ.

ಭಂಗಿಗಳ ಬಗ್ಗೆ ಎರಡು ಮಾತು ಸಾಕು. ಬಲ ಮೊಲೆ ಕುಡಿಸುವಾಗ ಎಡಗೈಯಲ್ಲಿ ಮಗುವನ್ನು ಹಿಡಿಯುವುದು ಮೊದಲ ವಾರಗಳಿಗೆ ಸುಲಭ, ಮಗುವಿನ ಕತ್ತು ನಿಮ್ಮ ಹತೋಟಿಯಲ್ಲಿರುತ್ತದೆ. ಸಿಸೇರಿಯನ್ ಆದವರು ಮಗುವಿನ ಕಾಲು ನಿಮ್ಮ ಕಂಕುಳ ಕೆಳಗೆ ಹಿಂದಕ್ಕೆ ಹೋಗುವ ಹಾಗೆ, ಬಿಂದಿಗೆ ಕಂಕುಳಲ್ಲಿ ಇಟ್ಟುಕೊಂಡ ಹಾಗೆ ಹಿಡಿದರೆ ಹೊಲಿಗೆಗೆ ಒತ್ತು ಬೀಳುವುದಿಲ್ಲ. ರಾತ್ರಿ ಪಕ್ಕಕ್ಕೆ ತಿರುಗಿ ಮಲಗಿಕೊಂಡೇ ಕುಡಿಸಬಹುದು. ಆದರೆ ಸೋಫಾ ಮೇಲೆ ಮಗುವನ್ನು ಎದೆಗವಚಿಕೊಂಡು ನಿದ್ದೆ ಹೋಗಬೇಡಿ, ಮಗು ಸಂದಿಯಲ್ಲಿ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ.

ಎಷ್ಟು ಸಲ, ಎಷ್ಟು ಹೊತ್ತು

ಹಗಲು ರಾತ್ರಿ ಸೇರಿ 24 ಗಂಟೆಯಲ್ಲಿ 8ರಿಂದ 12 ಸಲ. ಗಡಿಯಾರ ನೋಡಬೇಡಿ, ಮಗುವನ್ನು ನೋಡಿ. ತುಟಿ ಚಪ್ಪರಿಸುವುದು, ಕೈ ಬಾಯಿಗೆ ಒಯ್ಯುವುದು, ಕೆನ್ನೆ ಮುಟ್ಟಿದ ಕಡೆ ಬಾಯಿ ತಿರುಗಿಸುವುದು, ಇವೆಲ್ಲ ಹಸಿವಿನ ಮಾತು. ಅಳು ಕೊನೆಯ ಮಾತು. ಅಳುವವರೆಗೆ ಬಿಟ್ಟರೆ ಮೊಲೆ ಹಿಡಿಸುವುದು ಕಷ್ಟ.

ಒಂದು ಮೊಲೆಯನ್ನು ಮಗು ತಾನಾಗಿ ಬಿಡುವವರೆಗೆ ಕುಡಿಸಿ, ತೇಗು ಬರಿಸಿ, ಆಮೇಲೆ ಇನ್ನೊಂದು ಕೊಡಿ. ಮೊದಲು ಬರುವ ಹಾಲು ತೆಳು, ಎದೆ ಖಾಲಿಯಾಗುತ್ತಾ ಬಂದ ಹಾಗೆ ಕೊಬ್ಬು ಹೆಚ್ಚುತ್ತದೆ. ಮೊದಲ ವಾರಗಳಲ್ಲಿ ಮಗು ಮೂರು ಗಂಟೆಗಿಂತ ಹೆಚ್ಚು ಮಲಗಿದರೆ ಅಂಗಾಲು ಸವರಿ, ಬಟ್ಟೆ ಸಡಿಲಿಸಿ ಎಬ್ಬಿಸಿ.

ರಾತ್ರಿ ಕುಡಿಸುವುದನ್ನು ತಪ್ಪಿಸಬೇಡಿ. ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿ ಹೊತ್ತು ಜಾಸ್ತಿ ಇರುತ್ತದೆ. ಹಾಲಿನ ಲೆಕ್ಕ ತುಂಬಾ ಸರಳ: ಎದೆ ಖಾಲಿಯಾದಷ್ಟೂ ತುಂಬುತ್ತದೆ, ತುಂಬಿಕೊಂಡೇ ಇದ್ದರೆ ದೇಹ "ಸಾಕು" ಅಂತ ಕಡಿಮೆ ಮಾಡುತ್ತದೆ. ಒಂದು ಬಾಟಲಿ ಡಬ್ಬಿ ಹಾಲು ಕೊಟ್ಟರೆ ಆ ಹೊತ್ತಿನ ಎದೆಹಾಲು ಎದೆಯಲ್ಲೇ ಉಳಿಯುತ್ತದೆ. ಮರುದಿನ ಅಷ್ಟು ಕಡಿಮೆ ಬರುತ್ತದೆ. ಆಗ ಮತ್ತೊಂದು ಬಾಟಲಿ. ಹೀಗೇ ಒಂದು ತಿಂಗಳಲ್ಲಿ ಹಾಲು ಬತ್ತಿಹೋದ ಗೆಳತಿಯರನ್ನು ನೋಡಿದ್ದೇನೆ. ತಪ್ಪು ಅವರದಲ್ಲ, ಈ ಲೆಕ್ಕವನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಸಾಲುತ್ತಿದೆಯಾ? ಎಣಿಸಿ ನೋಡಿ

ಎದೆಹಾಲಿಗೆ ಅಳತೆಗೆರೆ ಇಲ್ಲ, ಹೊರಗೆ ಬರುವುದಕ್ಕೆ ಇದೆ. ನಮ್ಮಮ್ಮನ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ರಾಹುಕಾಲದ ಪಕ್ಕದ ಖಾಲಿ ಜಾಗದಲ್ಲಿ, ನಾನು ಪೆನ್ಸಿಲ್‌ನಿಂದ ಗೆರೆ ಎಳೆಯುತ್ತಿದ್ದೆ. ಒಂದು ಒದ್ದೆ ಬಟ್ಟೆಗೆ ಒಂದು ಗೆರೆ, ಕಕ್ಕ ಮಾಡಿದರೆ ಒಂದು ಸೊನ್ನೆ.

ಲೆಕ್ಕ ಹೀಗೆ. ಮೊದಲ ದಿನ ಒಂದಾದರೂ ಉಚ್ಚೆ, ಎರಡನೇ ದಿನ ಎರಡು, ಮೂರನೇ ದಿನ ಮೂರು. ಐದನೇ ದಿನದಿಂದ ದಿನಕ್ಕೆ ಆರು ಅಥವಾ ಹೆಚ್ಚು, ಬಣ್ಣ ತಿಳಿಯಾಗಿರಬೇಕು. ಕಕ್ಕ ಮೊದಲೆರಡು ದಿನ ಕಪ್ಪಗೆ ಟಾರಿನ ಹಾಗೆ, ಆಮೇಲೆ ಹಸಿರು, ನಾಲ್ಕೈದನೇ ದಿನಕ್ಕೆ ಸಾಸಿವೆ ಬಣ್ಣಕ್ಕೆ ತಿರುಗಬೇಕು. ಡೈಪರ್ ಹಾಕಿದರೆ ಒದ್ದೆ ಸರಿಯಾಗಿ ಗೊತ್ತಾಗುವುದಿಲ್ಲ. ಅದಕ್ಕೇ ಮೊದಲ ಎರಡು ವಾರ ಹಳೇ ಪಂಚೆ ಹರಿದ ಬಟ್ಟೆಯೇ ಒಳ್ಳೆಯದು.

ತೂಕ ಇನ್ನೊಂದು ಸಾಕ್ಷಿ. ಹುಟ್ಟಿದ ಮೇಲೆ ಮೊದಲ ದಿನಗಳಲ್ಲಿ ಮಗುವಿನ ತೂಕ ಶೇ 7ರಿಂದ 10ರವರೆಗೆ ಇಳಿಯುವುದುಂಟು, ಗಾಬರಿ ಬೇಡ. ಹತ್ತರಿಂದ ಹದಿನಾಲ್ಕು ದಿನದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು. ಆಮೇಲೆ ಮೊದಲ ಮೂರು ತಿಂಗಳು ದಿನಕ್ಕೆ ಸರಾಸರಿ 25–30 ಗ್ರಾಂ ಏರುತ್ತದೆ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ, ಅಂಗನವಾಡಿಗೆ, ಲಸಿಕೆಗೆ ಹೋದಾಗ ತೂಕ ಮಾಡಿಸಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಗೆರೆಗಳು ಆರು ದಾಟಿ ತೂಕವೂ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಬೇರೆ ಯಾವ ಸಾಕ್ಷಿಯೂ ಬೇಡ. ಎದೆ ಮೆತ್ತಗಾಗಿದೆಯಾ? ಕೆಲವು ವಾರ ಕಳೆದ ಮೇಲೆ ಎಲ್ಲರಿಗೂ ಹಾಗೇ, ದೇಹಕ್ಕೆ ಲೆಕ್ಕ ಸಿಕ್ಕಿದೆ ಅಂತ ಅರ್ಥ. ಹಿಂಡಿದರೆ ಸ್ವಲ್ಪವೇ ಬರುತ್ತದಾ? ಮಗು ಎಳೆಯುವಷ್ಟು ಚೆನ್ನಾಗಿ ಯಾವ ಕೈಯೂ ಪಂಪೂ ಎಳೆಯುವುದಿಲ್ಲ. ಸಂಜೆ ಆರರಿಂದ ಹತ್ತರವರೆಗೆ ಬಿಟ್ಟೂಬಿಡದೆ ಕುಡಿಯುತ್ತದಾ? ಹಸುಗೂಸುಗಳ ಸಂಜೆ ಇರುವುದೇ ಹಾಗೆ. ಎರಡು–ಮೂರನೇ ವಾರ, ಆರನೇ ವಾರ, ಮೂರನೇ ತಿಂಗಳ ಹತ್ತಿರ ಒಂದೆರಡು ದಿನ ಮಗು ಇದ್ದಕ್ಕಿದ್ದಂತೆ ಜಾಸ್ತಿ ಕೇಳುತ್ತದೆ. ಅದು ಬೆಳೆಯುವ ಹೊತ್ತು. ಕೇಳಿದಷ್ಟು ಕೊಡಿ, ಎದೆಯೂ ಅದಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ.

ಡಾಕ್ಟರ ಬಳಿ ಅದೇ ದಿನ ಓಡಬೇಕಾದದ್ದು ಯಾವಾಗ? ಐದನೇ ದಿನದ ನಂತರ ಉಚ್ಚೆ ಆರಕ್ಕಿಂತ ಕಡಿಮೆಯಾದರೆ, ಉಚ್ಚೆ ಗಾಢ ಹಳದಿ ಅಥವಾ ಇಟ್ಟಿಗೆ ಬಣ್ಣ ಇದ್ದರೆ, ಮಗು ಎಬ್ಬಿಸಿದರೂ ಏಳದೆ ಸುಸ್ತಾಗಿ ಮಲಗಿದರೆ, ಮೈ ಕೈ ಕಾಲಿನವರೆಗೆ ಹಳದಿಯಾದರೆ, ಜ್ವರ ಬಂದರೆ ಅಥವಾ ಮೈ ತಣ್ಣಗಾದರೆ. ಕಾಮಾಲೆಗೆ ಬಿಸಿಲಲ್ಲಿ ಮಲಗಿಸುತ್ತಾ ಮನೆಯಲ್ಲೇ ಕಾಯಬೇಡಿ.

ನೋವುಗಳು

ತೊಟ್ಟು ಒಡೆದರೆ ಮೊದಲ ಔಷಧಿ ಹಿಡಿತ ಸರಿಪಡಿಸುವುದು. ಕುಡಿಸಿದ ಮೇಲೆ ಎರಡು ಹನಿ ನಿಮ್ಮದೇ ಹಾಲು ಸವರಿ ಗಾಳಿಗೆ ಆರಲು ಬಿಡಿ. ಪ್ರತಿ ಸಲ ಸೋಪು ಹಾಕಿ ತೊಳೆಯಬೇಡಿ, ಇನ್ನಷ್ಟು ಒಣಗಿ ಬಿರಿಯುತ್ತದೆ. ಕಡಿಮೆ ನೋವಿರುವ ಕಡೆಯಿಂದ ಮೊದಲು ಕುಡಿಸಿ.

ಮೂರ್ನಾಲ್ಕನೇ ದಿನ ಎದೆ ಕಲ್ಲಿನಂತೆ ಗಟ್ಟಿಯಾಗಬಹುದು. ಹಾಲು ಕಟ್ಟಿದೆ ಅನ್ನುತ್ತಾರಲ್ಲ, ಅದು. ತೊಟ್ಟು ಚಪ್ಪಟೆಯಾಗಿ ಮಗುವಿಗೆ ಹಿಡಿಯಲು ಆಗುವುದಿಲ್ಲ. ತೊಟ್ಟಿನ ಸುತ್ತ ಐದು ಬೆರಳ ತುದಿ ಇಟ್ಟು, ಎದೆಗೂಡಿನ ಕಡೆಗೆ ಒಂದು ನಿಮಿಷ ಮೆತ್ತಗೆ ಒತ್ತಿ ಹಿಡಿಯಿರಿ. ಆ ಭಾಗ ಮೆದುವಾಗುತ್ತದೆ, ಆಗ ಮಗುವಿಗೆ ಕೊಡಿ. ಕುಡಿಸುವ ಮುಂಚೆ ಸ್ವಲ್ಪ ಬಿಸಿ ಬಟ್ಟೆ, ಕುಡಿಸಿದ ಮೇಲೆ ತಣ್ಣನೆಯ ಬಟ್ಟೆ. "ಬಾಣಂತಿಗೆ ತಣ್ಣೀರು ತಾಗಿಸಬಾರದು" ಅಂತ ಮನೆಯಲ್ಲಿ ಹೇಳಬಹುದು. ಇದು ಊತ ಇಳಿಸಲು, ಐದು ನಿಮಿಷದ ಮಾತು ಅಂತ ಒಪ್ಪಿಸಿ.

ಎದೆಯ ಒಂದು ಭಾಗ ಕೆಂಪಾಗಿ, ಬಿಸಿಯಾಗಿ, ಚಳಿ ಜ್ವರ ಬಂದರೆ ಅದು ಮಾಸ್ಟೈಟಿಸ್ ಇರಬಹುದು. ಇಲ್ಲಿ ಎರಡು ತಪ್ಪು ನಡೆಯುತ್ತವೆ. ಒಂದು, ಗಂಟನ್ನು ಬಲವಾಗಿ ತಿಕ್ಕುವುದು. ಎಣ್ಣೆ ಹಾಕಿ ಜೋರಾಗಿ ಉಜ್ಜಿದರೆ ಊತ ಜಾಸ್ತಿಯಾಗುತ್ತದೆ. ಎರಡು, "ಹಾಲು ಕೆಟ್ಟಿದೆ" ಅಂತ ಕುಡಿಸುವುದನ್ನು ನಿಲ್ಲಿಸುವುದು. ಆ ಹಾಲಿನಿಂದ ಮಗುವಿಗೆ ತೊಂದರೆ ಇಲ್ಲ, ಮಾಮೂಲಿನಂತೆ ಕುಡಿಸುತ್ತಾ ಇರಿ. ತಣ್ಣನೆಯ ಪಟ್ಟಿ, ವಿಶ್ರಾಂತಿ, ಡಾಕ್ಟರ್ ಹೇಳಿದ ನೋವಿನ ಮಾತ್ರೆ. ಒಂದು ದಿನದಲ್ಲಿ ಇಳಿಯದಿದ್ದರೆ ತಡ ಮಾಡದೆ ತೋರಿಸಿ. ಹಾಲುಣಿಸುವವರಿಗೆ ಹೊಂದುವ ಆಂಟಿಬಯಾಟಿಕ್ ಇವೆ. ಯಾವ ಔಷಧಿ ಬರೆಸಿಕೊಂಡರೂ "ನಾನು ಹಾಲು ಕುಡಿಸುತ್ತಿದ್ದೇನೆ" ಅಂತ ಮೊದಲೇ ಹೇಳಿ.

ನಿಜವಾಗಿಯೂ ಕಡಿಮೆ ಇದ್ದಾಗ

ಕೆಲವರಿಗೆ ನಿಜವಾಗಿಯೂ ಹಾಲು ಕಡಿಮೆ ಇರುತ್ತದೆ. ಥೈರಾಯ್ಡ್ ತೊಂದರೆ, ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವ, ಗರ್ಭಕೋಶದಲ್ಲಿ ಮಾಸಿನ ಚೂರು ಉಳಿದಿರುವುದು, ಹಿಂದೆ ಸ್ತನಕ್ಕೆ ಆದ ಆಪರೇಷನ್, ಇವು ಕಾರಣ ಇರಬಹುದು. ಪರೀಕ್ಷೆ ಮಾಡಿಸಿ. ಡಾಕ್ಟರ್ ಮೇಲುಹಾಲು ಕೊಡಲು ಹೇಳಿದರೆ ಕೊಡಿ, ಮಗುವಿನ ಹೊಟ್ಟೆ ತುಂಬುವುದು ಮೊದಲು. ಎದೆಗೆ ಹಾಕಿಕೊಳ್ಳುವುದನ್ನು ಮಾತ್ರ ಬಿಡಬೇಡಿ, ಬಂದಷ್ಟೂ ಲಾಭವೇ. ಬಾಟಲಿಯ ಬದಲು ನಮ್ಮ ಅಜ್ಜಿಯರ ಒಳಲೆ, ಇಲ್ಲವೇ ಚಿಕ್ಕ ಲೋಟ ಚಮಚ ಬಳಸಿ. ಕುದಿಸಿ ತೊಳೆಯುವುದು ಸುಲಭ, ಮಗು ಮೊಲೆ ಮರೆಯುವುದೂ ಇಲ್ಲ.

ತಿಂಗಳು ತುಂಬದೆ ಹುಟ್ಟಿದ ಮಕ್ಕಳ ತಾಯಂದಿರು ಮೊದಲ ದಿನದಿಂದಲೇ ಎರಡು ಮೂರು ಗಂಟೆಗೊಮ್ಮೆ ಹಾಲು ಹಿಂಡಿ ಕೊಡಬೇಕಾಗುತ್ತದೆ. ಅಂಥ ಮಕ್ಕಳಿಗಾಗಿ ಎದೆಹಾಲಿನ ಬ್ಯಾಂಕ್‌ಗಳೂ ಇವೆ. ನಮ್ಮ ದೇಶದಲ್ಲಿ ಮೊದಲನೆಯದು 1989ರಲ್ಲಿ ಮುಂಬೈಯ ಸಯಾನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರ ಮುತುವರ್ಜಿಯಿಂದ ಶುರುವಾಯಿತು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲೂ 2022ರಲ್ಲಿ ಹಾಲಿನ ಬ್ಯಾಂಕ್ ಆರಂಭವಾಗಿದೆ. ನಿಮಗೆ ಹಾಲು ಜಾಸ್ತಿ ಇದ್ದರೆ ಇಂಥಲ್ಲಿ ದಾನ ಮಾಡಬಹುದು.

ಬಾಣಂತಿಯ ಊಟ, ನೀರು

ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ, ಉತ್ತರ ಕರ್ನಾಟಕದ ಅಳವಿ ಪಾಯಸ, ಅಂಟಿನ ಉಂಡೆ ಎಲ್ಲವೂ ಒಳ್ಳೆಯ ಊಟವೇ, ಖುಷಿಯಿಂದ ತಿನ್ನಿ. ಆದರೆ ಹಾಲು ಹೆಚ್ಚಿಸುವುದು ಮಗು ಕುಡಿಯುವುದರಿಂದಲೇ, ಉಂಡೆಯಿಂದಲ್ಲ. ತಪ್ಪು ನಡೆಯುವುದು ಕೊಡುವುದರಲ್ಲಿ ಅಲ್ಲ, ತಡೆಯುವುದರಲ್ಲಿ. ತರಕಾರಿ ಬೇಡ, ಹಣ್ಣು ಶೀತ, ನೀರು ಕುಡಿದರೆ ಹೊಟ್ಟೆ ಬರುತ್ತದೆ ಅಂತ ಬಾಣಂತಿಯನ್ನು ಒಣಗಿಸುವುದನ್ನು ನಾನು ಒಪ್ಪುವುದಿಲ್ಲ. ಬಾಯಾರಿದಾಗಲೆಲ್ಲ ನೀರು ಕುಡಿಯಿರಿ. ಕುಡಿಸಲು ಕೂರುವ ಜಾಗದಲ್ಲಿ ಒಂದು ಚೊಂಬು ತುಂಬಿ ಇಟ್ಟುಕೊಳ್ಳಿ. ಬೇಳೆ, ಮೊಟ್ಟೆ, ಮೊಸರು, ರಾಗಿ, ಸೊಪ್ಪು ಎಲ್ಲ ಇರಲಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಮುಂದುವರಿಸಿ.

ಮಗುವಿಗೆ ಮಾತ್ರ ಆರು ತಿಂಗಳವರೆಗೆ ನೀರೂ ಬೇಡ, ಕಲಬುರಗಿಯ ಮೇ ತಿಂಗಳಾದರೂ ಬೇಡ. ಎದೆಹಾಲಿನಲ್ಲಿ ಶೇ 87ರಷ್ಟು ನೀರೇ ಇದೆ. ಡಾಕ್ಟರ್ ಹೇಳುವ ವಿಟಮಿನ್ ಡಿ ಹನಿ, ಲಸಿಕೆ, ಔಷಧಿ ಬಿಟ್ಟರೆ ಬೇರೇನೂ ಬೇಡ. ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ, ಮೆದು ಅನ್ನ ಬೇಳೆ ಶುರು ಮಾಡಿ, ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಮೇಲೆ ಎದೆಹಾಲು ಮುಂದುವರಿಸಿ.

ಮನಸ್ಸು ಮತ್ತು ಮನೆಯವರು

ಹೆರಿಗೆಯಾದ ಮೊದಲ ಎರಡು ವಾರ ಕಾರಣವಿಲ್ಲದೆ ಅಳು ಬರುವುದು ತುಂಬಾ ಜನಕ್ಕೆ ಆಗುತ್ತದೆ. ಎರಡು ವಾರ ದಾಟಿದರೂ ಮನಸ್ಸು ಮೇಲೇಳದಿದ್ದರೆ, ಮಗು ಮಲಗಿದರೂ ನಿದ್ದೆ ಬರದಿದ್ದರೆ, ಬದುಕೇ ಬೇಡ ಅನಿಸಿದರೆ, ಅದು ಖಿನ್ನತೆ. ಸೋಮಾರಿತನವೂ ಅಲ್ಲ, ದೃಷ್ಟಿಯೂ ಅಲ್ಲ. ಡಾಕ್ಟರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಮನೆಯವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. "ಹಾಲು ಸಾಲ್ತಿದ್ಯಾ?" ಅಂತ ಕೇಳಬೇಡಿ. "ಏನು ತಂದುಕೊಡಲಿ?" ಅಂತ ಕೇಳಿ. ತಾಯಿಗೆ ಭಯ, ನೋವು ಹೆಚ್ಚಾದರೆ ಹಾಲು ಇಳಿಸುವ ಆಕ್ಸಿಟೋಸಿನ್ ಹಾರ್ಮೋನಿಗೆ ತಡೆಯಾಗುತ್ತದೆ. ನಿಮ್ಮ ಒಂದು ಮಾತಿಗೆ ಅಷ್ಟು ಶಕ್ತಿ ಇದೆ. ನನ್ನ ಗಂಡ ರಾತ್ರಿ ಎರಡು ಗಂಟೆಗೆ ಎದ್ದು ಬಟ್ಟೆ ಬದಲಾಯಿಸಿ, ಮಗುವನ್ನು ನನ್ನ ಕೈಗೆ ಕೊಟ್ಟು, ತೇಗು ಬರಿಸಿ ಮತ್ತೆ ಮಲಗಿಸುತ್ತಿದ್ದರು. ಹಾಲು ಕುಡಿಸುವುದೊಂದು ಬಿಟ್ಟು ಉಳಿದದ್ದನ್ನೆಲ್ಲ ಅಪ್ಪ ಮಾಡಬಹುದು.

ಕಷ್ಟಗಳನ್ನೇ ಬರೆದೆ, ಸಿಕ್ಕಿದ್ದನ್ನೂ ಹೇಳಬೇಕು. ಎದೆಹಾಲು ಕುಡಿದ ಮಕ್ಕಳಿಗೆ ಭೇದಿ, ನ್ಯುಮೋನಿಯಾ, ಕಿವಿಸೋಂಕು ಕಡಿಮೆ. ತಾಯಿಗೆ ಗರ್ಭಕೋಶ ಬೇಗ ಕುಗ್ಗುತ್ತದೆ. ಮೊದಲ ವಾರ ಕುಡಿಸುವಾಗ ಹೊಟ್ಟೆ ಹಿಂಡಿದಂತಾಗುವುದು ಅದಕ್ಕೇ. 30 ದೇಶಗಳ ಮಾಹಿತಿ ಸೇರಿಸಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾಲುಣಿಸಿದ ಪ್ರತಿ 12 ತಿಂಗಳಿಗೆ ಸ್ತನ ಕ್ಯಾನ್ಸರ್ ಅಪಾಯ ಶೇ 4.3ರಷ್ಟು ತಗ್ಗುವುದು ಕಂಡುಬಂದಿದೆ. ಇವು ಪುಸ್ತಕದ ಲಾಭ. ನನಗೆ ನೆನಪಿರುವುದು ಬೇರೆ. ಎರಡನೇ ತಿಂಗಳಲ್ಲಿ ಒಂದು ದಿನ ಕುಡಿಯುತ್ತಾ ಕುಡಿಯುತ್ತಾ ಮಗು ಮೊಲೆ ಬಿಟ್ಟು, ನನ್ನ ಮುಖ ನೋಡಿ, ಬಾಯಂಚಲ್ಲಿ ಹಾಲು ಸುರಿಸಿಕೊಂಡು ನಕ್ಕಿತು. ಆಮೇಲೆ ಮತ್ತೆ ತಾನೇ ಹಿಡಿಯಿತು, ಯಾರ ಸಹಾಯವೂ ಇಲ್ಲದೆ.

ಕೆಲಸಕ್ಕೆ ಹೋಗುವವರಿಗೆ

ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳಸಹಿತ ಹೆರಿಗೆ ರಜೆ ಇದೆ. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು. ಗಾರ್ಮೆಂಟ್ಸ್, ಅಂಗಡಿ, ಮನೆಗೆಲಸದ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನಕ್ಕೆ ಇದು ಸಿಗುವುದಿಲ್ಲ, ಅದು ನನಗೆ ಗೊತ್ತು. ಅವರಿಗೆ ಕೈಯಿಂದ ಹಾಲು ಹಿಂಡುವುದೇ ದೊಡ್ಡ ಆಸರೆ, ಖರ್ಚಿಲ್ಲ.

ಕೈ ಚೆನ್ನಾಗಿ ತೊಳೆಯಿರಿ. ಹೆಬ್ಬೆರಳು ತೊಟ್ಟಿನ ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನಿಂದ ಎರಡು ಬೆರಳಿನಷ್ಟು ದೂರ. ಮೊದಲು ಹಿಂದಕ್ಕೆ, ಎದೆಗೂಡಿನ ಕಡೆಗೆ ಒತ್ತಿ. ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಸೇರಿಸುವಂತೆ ಹಿಸುಕಿ, ಸಡಿಲ ಬಿಡಿ. ಚರ್ಮದ ಮೇಲೆ ಜಾರಿಸಬೇಡಿ, ತೊಟ್ಟನ್ನು ಎಳೆಯಬೇಡಿ. ಮೊದಲ ಒಂದೆರಡು ನಿಮಿಷ ಏನೂ ಬರದಿರಬಹುದು. ಮಗುವಿನ ಫೋಟೋ ನೋಡಿ, ಅದರ ಬಟ್ಟೆಯ ವಾಸನೆ ನೋಡಿ, ಹಾಲು ಇಳಿಯುತ್ತದೆ. ಸುತ್ತಲೂ ಬೆರಳು ಸರಿಸುತ್ತಾ ಹಿಂಡಿ.

ಸ್ಟೀಲ್ ಅಥವಾ ಗಾಜಿನ ಮುಚ್ಚಳದ ಡಬ್ಬಿಯಲ್ಲಿ ತಾರೀಕು ಬರೆದಿಡಿ. 25 ಡಿಗ್ರಿವರೆಗಿನ ಕೋಣೆಯಲ್ಲಿ 4 ಗಂಟೆ ಇಡಬಹುದು, ಬಯಲುಸೀಮೆಯ ಬೇಸಿಗೆಯಲ್ಲಿ ಅಷ್ಟು ಹೊತ್ತು ಬೇಡ. ಫ್ರಿಜ್ಜಿನ ಒಳಭಾಗದಲ್ಲಿ, ಬಾಗಿಲಿನಲ್ಲಲ್ಲ, 4 ದಿನ. ಫ್ರೀಜರಿನಲ್ಲಿ 6 ತಿಂಗಳು, ಆದರೆ ಕರೆಂಟು ಪದೇ ಪದೇ ಹೋಗುವ ಊರಲ್ಲಿ ಅದನ್ನು ನಂಬಬೇಡಿ. ಬಿಸಿನೀರಿನ ಬಟ್ಟಲಲ್ಲಿ ಡಬ್ಬಿ ಇಟ್ಟು ಬೆಚ್ಚಗೆ ಮಾಡಿ, ಕುದಿಸಬೇಡಿ, ಮೈಕ್ರೋವೇವ್ ಬೇಡ. ಕುಡಿದು ಉಳಿದದ್ದನ್ನು ಎರಡು ಗಂಟೆ ಮೀರಿ ಇಡಬೇಡಿ. ಒಂದರಿಂದ ಆರು ತಿಂಗಳ ಮಗು ದಿನಕ್ಕೆ ಸರಾಸರಿ 750 ಎಂಎಲ್ ಕುಡಿಯುತ್ತದೆ. ಒಂದು ಸಲಕ್ಕೆ 90–100 ಎಂಎಲ್ ಲೆಕ್ಕ ಹಾಕಿ ಇಟ್ಟು ಹೋದರೆ ಸಾಕಾಗುತ್ತದೆ. ಹೊರಡುವ ಮುಂಚೆ ಒಮ್ಮೆ, ಬಂದ ತಕ್ಷಣ ಒಮ್ಮೆ ಎದೆಗೆ ಹಾಕಿಕೊಳ್ಳಿ.

ಬಿಡಿಸುವಾಗ

ತೊಟ್ಟಿಗೆ ಬೇವು ಸವರಿ ಒಂದೇ ದಿನದಲ್ಲಿ ಬಿಡಿಸುವುದು ನಮ್ಮಲ್ಲಿ ರೂಢಿ. ನನಗೆ ಮನಸ್ಸಾಗಲಿಲ್ಲ. ಎದೆಗೂ ಅದು ಒಳ್ಳೆಯದಲ್ಲ, ಹಾಲು ಕಟ್ಟಿ ಜ್ವರ ಬರುತ್ತದೆ. ಒಂದು ಹೊತ್ತಿನದು ಬಿಡಿಸಿ, ನಾಲ್ಕೈದು ದಿನ ಬಿಟ್ಟು ಇನ್ನೊಂದು ಹೊತ್ತಿನದು. ಮೊದಲು ಮಧ್ಯಾಹ್ನದ್ದು, ಆಗ ಆಟದಲ್ಲಿ ಮರೆಯುತ್ತವೆ. ಎದೆ ಬಿಗಿದರೆ ಹಾಯೆನಿಸುವಷ್ಟು ಮಾತ್ರ ಹಿಂಡಿ, ಪೂರ್ತಿ ಖಾಲಿ ಮಾಡಬೇಡಿ. ನಮ್ಮ ಮನೆಯಲ್ಲಿ ಕೊನೆಗೆ ಉಳಿದದ್ದು ರಾತ್ರಿ ಮಲಗುವ ಮುಂಚಿನದು. ಮಗಳಿಗೆ ಎರಡು ವರ್ಷ ಎರಡು ತಿಂಗಳಾದಾಗ, ಒಂದು ರಾತ್ರಿ ಅವಳು ಕೇಳಲಿಲ್ಲ. ನನ್ನ ಕುತ್ತಿಗೆ ತಬ್ಬಿಕೊಂಡು ಹಾಗೇ ಮಲಗಿದಳು.